ನೀರುಬ್ರಾಹ್ಮಿಯಿಂದ ನೀರಿನ ತೊಟ್ಟಿಗೆ: ಇಲಿಗಳಲ್ಲಿ ಮರೆವಿನ ಮದ್ದು ಪರೀಕ್ಷಿಸುವ ಬಗೆ

ತಕರಾರು ಶುರುವಾಗುವುದೇ ಹೆಸರಿನಿಂದ. ಕರಾವಳಿಯಲ್ಲೂ ಮಲೆನಾಡಿನಲ್ಲೂ ಬ್ರಾಹ್ಮಿ ಕೊಡಿ ಎಂದರೆ ಎಷ್ಟೋ ಕಡೆ ಕೈಗೆ ಬರುವುದು ತಂಬುಳಿಯ ಒಂದೆಲಗ, ಅಂದರೆ ಸೆಂಟೆಲ್ಲಾ ಏಷ್ಯಾಟಿಕಾ. ಇಲಿಗಳಲ್ಲಿ ಮರೆವಿನ ಮದ್ದಾಗಿ ಪರೀಕ್ಷಿಸಲು ನಮಗೆ ಬೇಕಿರುವುದು ನೀರುಬ್ರಾಹ್ಮಿ, ಬಕೋಪಾ ಮೊನ್ನಿಯೇರಿ. ಒಂದೆಲಗಕ್ಕೆ ಉದ್ದ ತೊಟ್ಟಿನ ತುದಿಯಲ್ಲಿ ದುಂಡನೆಯ ಎಲೆ. ನೀರುಬ್ರಾಹ್ಮಿಗೆ ತೊಟ್ಟೇ ಇಲ್ಲವೆಂಬಂತೆ ಎದುರುಬದುರು ಕೂತ, ದಪ್ಪನೆಯ, ರಸ ತುಂಬಿದ ಪುಟ್ಟ ಎಲೆ. ಹಸಿಯಾಗಿದ್ದಾಗ ಯಾರೂ ತಪ್ಪುವುದಿಲ್ಲ, ಪುಡಿಯಾದ ಮೇಲೆ ಎರಡೂ ಹಸಿರು ಧೂಳು. ಮೊದಲನೆಯದರಲ್ಲಿ ಏಷ್ಯಾಟಿಕೋಸೈಡ್, ಎರಡನೆಯದರಲ್ಲಿ ಬಕೋಸೈಡ್. ಅದಲುಬದಲಾದರೆ ಪರೀಕ್ಷೆ ನಡೆದದ್ದು ಬೇರೆಯೇ ಔಷಧಿಯ ಮೇಲೆ. ಆದ್ದರಿಂದ ನಾವು ಪುಡಿ ಕೊಳ್ಳುವುದಿಲ್ಲ. ಇಡೀ ಗಿಡ ತಂದು ಸಸ್ಯಶಾಸ್ತ್ರದವರಿಂದ ಗುರುತು ಮಾಡಿಸಿ, ಹೂ ಇರುವ ಒಂದು ಮಾದರಿಯನ್ನು ಹರ್ಬೇರಿಯಂಗೆ (ಒಣಗಿಸಿದ ಗಿಡಗಳ ಸಂಗ್ರಹಕ್ಕೆ) ಕೊಟ್ಟು ಸಂಖ್ಯೆ ಪಡೆಯುತ್ತೇವೆ. ಚರಂಡಿ ಬದಿಯ ಗಿಡ ಬೇಡವೇ ಬೇಡ. ಇದು ಕ್ಯಾಡ್ಮಿಯಂನಂಥ ಭಾರಲೋಹಗಳನ್ನು ಹೀರಿ ಇಟ್ಟುಕೊಳ್ಳುವ ಗಿಡ; ಸೀಸ, ಕ್ಯಾಡ್ಮಿಯಂ ಎರಡನ್ನೂ ಅಳೆಸದೆ ಇಲಿಯ ಹೊಟ್ಟೆಗೆ ಹಾಕಬಾರದು.

ನೆರಳಲ್ಲಿ ಒಣಗಿಸಿ ಪುಡಿ ಮಾಡಿದ 100 ಗ್ರಾಂಗೆ 1 ಲೀಟರ್ 70% ಎಥನಾಲ್, ಮೂರು ದಿನ. ಸೋಸಿ, ಉಳಿದ ಗಸಿಗೆ ಇನ್ನೆರಡು ಸಲ ಹೊಸ ಎಥನಾಲ್. ಆಮೇಲೆ ಫ್ಲಾಸ್ಕ್ ತಿರುಗಿಸುತ್ತಾ ಕಡಿಮೆ ಒತ್ತಡದಲ್ಲಿ ದ್ರವ ಹಾರಿಸುವ ರೋಟರಿ ಇವಾಪೊರೇಟರ್‌ನಲ್ಲಿ 45 ಡಿಗ್ರಿ ಮೀರದಂತೆ ಆವಿ ಮಾಡುವುದು. ಕೆಲಸ ಕೆಡುವುದು ಇಲ್ಲೇ. ಬಕೋಸೈಡ್‌ಗಳು ಸಪೋನಿನ್‌ಗಳು, ಸೀಗೆಕಾಯಿ-ಅಂಟುವಾಳದ ಜಾತಿ. ಎಥನಾಲ್ ಹೋಗಿ ನೀರು ಉಳಿಯುತ್ತಿದ್ದಂತೆ ಫ್ಲಾಸ್ಕ್‌ನೊಳಗೆ ನೊರೆ ಎದ್ದು, ನೋಡನೋಡುತ್ತಲೇ ಕಂಡೆನ್ಸರ್ ಹತ್ತಿಬಿಡುತ್ತದೆ. ಫ್ಲಾಸ್ಕ್ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬೇಡಿ, ವ್ಯಾಕ್ಯೂಮ್ ಒಮ್ಮೆಗೇ ಎಳೆಯಬೇಡಿ. ಕೊನೆಯ ನೀರನ್ನು ಹೆಪ್ಪುಗಟ್ಟಿಸಿ ಒಣಗಿಸುವ ಫ್ರೀಜ್ ಡ್ರೈಯರ್‌ಗೆ ಬಿಡಿ. ಪ್ರತಿ ಬ್ಯಾಚ್‌ನ ಬಕೋಸೈಡ್ ಅಂಶವನ್ನು ಎಚ್‌ಪಿಎಲ್‌ಸಿಯಲ್ಲಿ (ಘಟಕಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರದಲ್ಲಿ) 205 ನ್ಯಾನೊಮೀಟರ್‌ನಲ್ಲಿ ನೋಡುತ್ತೇವೆ. ಆ ತರಂಗಾಂತರದಲ್ಲಿ ಮೆಥನಾಲ್ ತಾನೇ ಬೆಳಕು ನುಂಗುತ್ತದೆ, ಹಾಗಾಗಿ ದ್ರಾವಕವಾಗಿ ಅಸಿಟೊನೈಟ್ರೈಲ್ ಬೇಕು. ಈ ಅಳತೆ ಇಲ್ಲದ 'ಇಲಿಯ ತೂಕದ ಕಿಲೋಗೆ 200 ಮಿಲಿಗ್ರಾಂ ಸಾರ' ಎಂಬ ವಾಡಿಕೆಯ ಮಾತಿಗೆ ಅರ್ಥವಿಲ್ಲ.

ಅಷ್ಟಕ್ಕೂ ಆ 200 ಎಲ್ಲಿಂದ ಬಂತು? ಹಿಂದಿನವರು ಕೊಟ್ಟಿದ್ದರು, ನಾವೂ ಕೊಟ್ಟೆವು ಎನ್ನುವುದೇ ಹೆಚ್ಚು. ಮನುಷ್ಯರಲ್ಲಿ ನಡೆದ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಬಳಸಿರುವುದು ದಿನಕ್ಕೆ 300 ಮಿಲಿಗ್ರಾಂ ಸಾರ. 60 ಕಿಲೋ ತೂಕಕ್ಕೆ ಅದು ಕಿಲೋಗೆ 5. ಮೈ ಮೇಲ್ಮೈಯ ಲೆಕ್ಕದಲ್ಲಿ ಮನುಷ್ಯನ ಅಂಕ 37ರಿಂದ ಗುಣಿಸಿ, ಮೌಸ್‌ನ (ನಾವಿಲ್ಲಿ ಇಲಿ ಎನ್ನುವ ಪುಟ್ಟ ಪ್ರಾಣಿಯ) ಅಂಕ 3ರಿಂದ ಭಾಗಿಸಿದರೆ ಮೌಸ್‌ಗೆ ಕಿಲೋಗೆ ಸುಮಾರು 62. ಆದ್ದರಿಂದ ನಾವು 30, 60, 120 ಇಟ್ಟುಕೊಳ್ಳುತ್ತೇವೆ. ಸಾರವನ್ನು 0.5% ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್‌ನಲ್ಲಿ ಕಲಸಿ, ಕಿಲೋಗೆ 10 ಮಿಲಿಲೀಟರ್ ಲೆಕ್ಕದಲ್ಲಿ, ಗುಂಡು ತುದಿಯ ಗ್ಯಾವೇಜ್ ಸೂಜಿಯಿಂದ ಹೊಟ್ಟೆಗೆ: 25 ಗ್ರಾಂ ಇಲಿಗೆ 0.25 ಮಿಲಿಲೀಟರ್. ಇದು ಕರಗಿದ ದ್ರಾವಣವಲ್ಲ, ತೇಲಿರುವ ಕಣಗಳ ಕಲಸು. ಪ್ರತಿ ಸಲ ಸಿರಿಂಜ್‌ಗೆ ಎಳೆಯುವ ಮೊದಲು ಕಲಕದಿದ್ದರೆ ಮೊದಲ ಇಲಿಗೆ ತಿಳಿ, ಕೊನೆಯದಕ್ಕೆ ಗಷ್ಟು. ಸಿರಿಂಜ್‌ಗಳಿಗೆಲ್ಲ ಕಪ್ಪು ಟೇಪ್ ಸುತ್ತುತ್ತೇವೆ. ಹಸಿರು ಬಣ್ಣ ಕಣ್ಣಿಗೆ ಬಿದ್ದರೆ ಯಾವ ಗುಂಪಿಗೆ ಏನು ಹೋಯಿತೆಂಬ ಗುಟ್ಟು ಅಲ್ಲಿಗೇ ಮುಗಿಯಿತು.

ಇದೆಲ್ಲಕ್ಕೂ ಮೊದಲು ಸಂಸ್ಥೆಯ ಪ್ರಾಣಿ ನೀತಿ ಸಮಿತಿಗೆ ಫಾರ್ಮ್ ಬಿ ಎಂಬ ಅರ್ಜಿ ಹೋಗಿ ಒಪ್ಪಿಗೆ ಬಂದಿರಬೇಕು. ಗುಂಪಿಗೆ ಆರೇ ಇಲಿ ಸಾಕೆಂಬ ವಾಡಿಕೆ ಅಲ್ಲೇ ನಿಲ್ಲಲಿ. ವರ್ತನೆಯ ಪರೀಕ್ಷೆಗೆ, ಅಂದರೆ ತೊಟ್ಟಿಯಲ್ಲಿ ಈಜಿ ಮುಳುಗಿದ ಕಟ್ಟೆಯನ್ನು ನೆನಪಿನಿಂದ ಹುಡುಕುವ ಪರೀಕ್ಷೆಗೆ, 10ರಿಂದ 12 ಬೇಕು. ಒಂದು ಇಲಿಯನ್ನು ದಿನಕ್ಕೆ ನಾಲ್ಕು ಸಲ ಈಜಿಸಿದರೆ ಅದು ನಾಲ್ಕು ಇಲಿ ಆಗುವುದಿಲ್ಲ ಎಂಬುದನ್ನು ಅಂಕಿಅಂಶ ಬರೆಯುವವರಿಗೆ ಈಗಲೂ ನೆನಪಿಸಬೇಕಾಗುತ್ತದೆ.

ಮರೆವು ತರಿಸಲು ಸ್ಕೊಪೊಲಮೈನ್, ಕಿಲೋಗೆ 1 ಮಿಲಿಗ್ರಾಂ, ಹೊಟ್ಟೆಯ ಪೊರೆಯೊಳಗೆ, ಈಜಿಗೆ 30 ನಿಮಿಷ ಮೊದಲು. ಇದೂ ಗಿಡದ್ದೇ, ದತ್ತೂರಿಯಲ್ಲಿರುವ ಆಲ್ಕಲಾಯ್ಡ್. ಬಾಟಲಿಯಲ್ಲಿ ಸಿಗುವುದು ಹೈಡ್ರೊಬ್ರೊಮೈಡ್ ಟ್ರೈಹೈಡ್ರೇಟ್ ಲವಣ. ಅದರ 1 ಮಿಲಿಗ್ರಾಂನಲ್ಲಿ ಅಸಲು ಔಷಧಿ 0.69 ಮಾತ್ರ. ಯಾವುದನ್ನು ತೂಗಿದಿರಿ ಎಂದು ಬರೆದಿಡಿ. ಸ್ಕೊಪೊಲಮೈನ್ ಜಠರದ ಚಲನೆಯನ್ನೂ ನಿಧಾನ ಮಾಡುತ್ತದೆ. ಸಾರ ಕೊಟ್ಟ ಕೂಡಲೇ ಇದನ್ನು ಚುಚ್ಚಿದರೆ ಸಾರ ಹೊಟ್ಟೆಯಲ್ಲೇ ಕೂತಿರುತ್ತದೆ. ಅದಕ್ಕೇ ಸಾರ ಕನಿಷ್ಠ ಒಂದು ಗಂಟೆ ಮೊದಲು. ಗುಂಪುಗಳಲ್ಲಿ, ಹೋಲಿಕೆಗೆ, ಮರೆವಿನ ಕಾಯಿಲೆಗೆ ಈಗಾಗಲೇ ಬಳಕೆಯಲ್ಲಿರುವ ಔಷಧಿ ಡೊನೆಪೆಜಿಲ್‌ನದೊಂದು ಇರಲೇಬೇಕು. ಎಲ್ಲರೂ ಬಿಡುವ ಇನ್ನೊಂದಿದೆ: ಸ್ಕೊಪೊಲಮೈನ್ ಇಲ್ಲದೆ ಬರೀ ಸಾರ, ಗರಿಷ್ಠ ಪ್ರಮಾಣದಲ್ಲಿ. ಸಾರವೇ ಇಲಿಯನ್ನು ಮಂಕು ಮಾಡುತ್ತದೋ ಚುರುಕು ಮಾಡುತ್ತದೋ ಬೇರೆ ಎಲ್ಲಿಯೂ ಗೊತ್ತಾಗುವುದಿಲ್ಲ.

ಈಜಿನ ಪರೀಕ್ಷೆಯ ಮಾರಿಸ್ ತೊಟ್ಟಿಯ ವ್ಯಾಸ 120 ಸೆಂಟಿಮೀಟರ್, ನೀರಿನ ಆಳ 30. ಒಟ್ಟು ಸುಮಾರು 340 ಲೀಟರ್. ನೀರಿನ ಮಟ್ಟಕ್ಕಿಂತ 1 ಸೆಂಟಿಮೀಟರ್ ಕೆಳಗೆ 10 ಸೆಂಟಿಮೀಟರ್ ಅಗಲದ ಕಟ್ಟೆ. ನೀರು 23-24 ಡಿಗ್ರಿ. ಬೆಂಗಳೂರಿನ ಡಿಸೆಂಬರ್‌ನಲ್ಲಿ ರಾತ್ರಿ ನಿಂತ ನೀರು 20ರ ಆಸುಪಾಸಿಗೆ ಬಂದಿರುತ್ತದೆ, 1.5 ಕಿಲೊವ್ಯಾಟ್‌ನ ಕಾಯಿಲ್ ಅದನ್ನು ಮೂರು ಡಿಗ್ರಿ ಏರಿಸಲು ಮುಕ್ಕಾಲು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಪ್ಲಗ್ ತೆಗೆದು, ಕಾಯಿಲ್ ಹೊರಗಿಟ್ಟು, ಚೆನ್ನಾಗಿ ಕಲಕಿ, ಆಮೇಲೆ ಥರ್ಮಾಮೀಟರ್ ನಂಬಿ. ತಣ್ಣೀರಲ್ಲಿ ಎರಡನೇ ಈಜಿನ ಹೊತ್ತಿಗೆ ಇಲಿ ಸೆಟೆದು ಸುಮ್ಮನೆ ತೇಲುತ್ತದೆ. ನೀವದನ್ನು ಮರೆವೆಂದು ಬರೆದುಕೊಳ್ಳುತ್ತೀರಿ. ನೀರು ಮಸುಕಾಗಲು ಹಾಲಿನ ಪುಡಿ ಹಾಕುವವರಿದ್ದಾರೆ, ಮರುದಿನ ಕೊಠಡಿಗೆ ಕಾಲಿಡಲಾಗದು. ವಿಷವಿಲ್ಲದ ಬಿಳಿ ಬಣ್ಣವೇ ಸರಿ. ಬಿಳಿ ಇಲಿಯಾದರೆ ಮಾತ್ರ ಕ್ಯಾಮೆರಾಗೆ ಕಾಣಲು ಕಪ್ಪು ಬೇಕು.

ಆದರೆ ಬಿಳಿ ಇಲಿಯೇ ಬೇಡ ಎನ್ನುವುದು ನನ್ನ ವಾದ. ನಮ್ಮ ಫಾರ್ಮಸಿ ಕಾಲೇಜುಗಳಲ್ಲಿ ಸುಲಭವಾಗಿ ಸಿಗುವುದು ಸ್ವಿಸ್ ಅಲ್ಬಿನೊ. ಅವುಗಳ ದೃಷ್ಟಿ ಮಂದ. ಎಷ್ಟೋ ಸ್ವಿಸ್ ತಳಿಗಳು ರೆಟಿನಾ ನಶಿಸುವ ಆರ್‌ಡಿ1 ಜೀನನ್ನೂ ಹೊತ್ತಿರುತ್ತವೆ. ಗೋಡೆಯ ಗುರುತು ನೋಡಿ ಕಟ್ಟೆ ಹುಡುಕಬೇಕಾದ ಪರೀಕ್ಷೆಗೆ ಕಣ್ಣು ಕಾಣದ ಇಲಿ! ಕಪ್ಪು ಮೈಯ ಸಿ57ಬಿಎಲ್/6 ತಳಿ ತರಿಸಿ, ತರಿಸಲಾಗದಿದ್ದರೆ ವೈ ಆಕಾರದ ಮೂರು ಕವಲಿನ ವೈ-ಮೇಜ್‌ಗೆ ಹೋಗಿ. ಅಲ್ಲಿ ಎಂಟು ನಿಮಿಷ ಬಿಟ್ಟು ಮೂರು ಕವಲುಗಳನ್ನು ಸರದಿಯಲ್ಲಿ ಸುತ್ತುವುದನ್ನು ಎಣಿಸಿದರಾಯಿತು, 50% ಅಂದರೆ ಬರೀ ಅದೃಷ್ಟ.

ಈಜು ದಿನಕ್ಕೆ ನಾಲ್ಕು ಸಲ, ಐದು ದಿನ, ತಲಾ 60 ಸೆಕೆಂಡ್ ಮಿತಿ. ಆರನೇ ದಿನ ಕಟ್ಟೆ ತೆಗೆದು 60 ಸೆಕೆಂಡ್. ಕಟ್ಟೆ ಇದ್ದ ಕಾಲುಭಾಗದಲ್ಲಿ 15 ಸೆಕೆಂಡ್ ಕಳೆದರೆ ಏನೂ ಕಲಿತಿಲ್ಲ. ಕೊನೆಗೆ ಕಟ್ಟೆಯ ಮೇಲೆ ಬಾವುಟ ನೆಟ್ಟು, ಕಾಣುವ ಕಟ್ಟೆಗಾದರೂ ಹೋಗುತ್ತದೆಯೇ ನೋಡಿ. ಸ್ಕೊಪೊಲಮೈನ್ ಕಣ್ಣಿನ ಪಾಪೆ ಹಿಗ್ಗಿಸುವುದರಿಂದ ಈ ಮೆಟ್ಟಿಲು ಬಿಡುವಂತಿಲ್ಲ. ಕಟ್ಟೆ ಸೇರಲು ಹಿಡಿದ ಸಮಯದ ಜೊತೆಗೆ ವೇಗ, ಈಜಿದ ದೂರ ಮತ್ತು ಅಂಚು ಹಿಡಿದು ಸುತ್ತಿದ ಪಾಲನ್ನೂ ಬರೆದುಕೊಳ್ಳಿ. ಆತಂಕ ಇಳಿಸುವ ಯಾವ ಗಿಡವಾದರೂ ಇಲಿಯನ್ನು ಅಂಚಿನಿಂದ ನಡುವಿಗೆ ತರುತ್ತದೆ, ಕಟ್ಟೆ ಬೇಗ ಸಿಗುತ್ತದೆ. ಅದು ನೆನಪಲ್ಲ, ಧೈರ್ಯ.

ಮಿದುಳಿನ ಅಸಿಟೈಲ್‌ಕೋಲಿನೆಸ್ಟರೇಸ್ (ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನನ್ನು ಒಡೆಯುವ, ಡೊನೆಪೆಜಿಲ್ ತಡೆಯುವ ಕಿಣ್ವ) ಅಳೆಯಲು ಎಲ್‌ಮನ್ 1961ರಲ್ಲಿ ಪ್ರಕಟಿಸಿದ ವಿಧಾನವೇ ಈಗಲೂ: ಪಿಎಚ್ 8ರ ಬಫರ್, ಗಂಧಕದ ಥಯೋಲ್ ಸೇರಿದರೆ ಹಳದಿಯಾಗುವ ಡಿಟಿಎನ್‌ಬಿ, 412 ನ್ಯಾನೊಮೀಟರ್. ಕಿಣ್ವದ ಸಬ್‌ಸ್ಟ್ರೇಟ್ (ಅದು ಒಡೆಯುವ ವಸ್ತು) ಹಾಕುವ ಮೊದಲೇ ಮಿದುಳಿನಲ್ಲಿರುವ ಥಯೋಲ್, ಗ್ಲುಟಾಥಯೋನ್, ಹಳದಿ ಬಣ್ಣ ಕೊಡುತ್ತದೆ. ಅದು ನಿಲ್ಲುವವರೆಗೆ ಕಾಯಬೇಕು. ಅರಿಶಿನದ ಕರ್ಕ್ಯುಮಿನ್‌ನಂಥವನ್ನು ನೇರ ಕುವೆಟ್‌ಗೆ (ಬೆಳಕು ಹಾಯಿಸಿ ಅಳೆಯುವ ಪುಟ್ಟ ಪಾತ್ರೆಗೆ) ಹಾಕಿ ಪರೀಕ್ಷಿಸುವಾಗ ಅದರ ಸ್ವಂತ ಬಣ್ಣವನ್ನು ಬೇರೆ ಬ್ಲ್ಯಾಂಕ್ ಇಟ್ಟು ಕಳೆಯಬೇಕು. ಇನ್ನೊಂದು ಮೋಸ ಕಣ್ಣಿಗೇ ಬೀಳುವುದಿಲ್ಲ. ಮಿಲಿಲೀಟರ್‌ಗೆ 20 ಮಿಲಿಗ್ರಾಂ ಮಿದುಳು ಅರೆದು, ಅದರ 0.4 ಮಿಲಿಲೀಟರನ್ನು 3 ಮಿಲಿಲೀಟರ್ ಕುವೆಟ್‌ಗೆ ಹಾಕಿದಾಗ ಇಲಿಯ ತಲೆಯಲ್ಲಿದ್ದ ಔಷಧಿ ಸುಮಾರು 400 ಪಟ್ಟು ತೆಳುವಾಗಿರುತ್ತದೆ. ಬಿಟ್ಟುಹೋಗಬಲ್ಲ ತಡೆಕಾರಕವಾದರೆ ಕಿಣ್ವದಿಂದ ಕಳಚಿಕೊಂಡಿರುತ್ತದೆ. 'ಕಿಣ್ವ ತಡೆಯಲಿಲ್ಲ' ಎಂದು ಬರೆಯುವ ಮೊದಲು ಡೊನೆಪೆಜಿಲ್ ಗುಂಪಿನ ಅಂಕಿ ನೋಡಿ. ಅದೂ ಸಪ್ಪೆಯಾಗಿದ್ದರೆ ತಪ್ಪು ಗಿಡದ್ದಲ್ಲ, ತೆಳುವಾಗಿಸಿದ ನೀರಿನದು.

ಸ್ಕೊಪೊಲಮೈನ್ ಮಾದರಿ ಕಾಯಿಲೆಯಲ್ಲ, ಕೆಲವು ಗಂಟೆಗಳ ಅಮಲು. ಆಲ್‌ಝೈಮರ್‌ನಲ್ಲಿ ಮಿದುಳಲ್ಲಿ ಶೇಖರವಾಗುವ ಅಮಿಲಾಯ್ಡ್ ಬಗ್ಗೆ ಮಾತನಾಡಬೇಕಿದ್ದರೆ, ಅದು ಬೆಳೆಯುವಂತೆ ಜೀನ್ ಸೇರಿಸಿದ 5ಎಕ್ಸ್‌ಎಫ್‌ಎಡಿಯಂಥ ತಳಿಗೆ ಹೋಗಲೇಬೇಕು. ಅಲ್ಲೂ ಬಿ6ಎಸ್‌ಜೆಎಲ್ ಎಂಬ ಮಿಶ್ರತಳಿ ಹಿನ್ನೆಲೆಯ ಮರಿಗಳಲ್ಲಿ ಅದೇ ಆರ್‌ಡಿ1 ಜೀನ್ ಅಡಗಿರಬಹುದು. ತಳಿಪರೀಕ್ಷೆಗೆ ಕಿವಿಯ ಚೂರು ಕಳಿಸುವಾಗಲೇ ಅದಕ್ಕೂ ಒಂದು ಪಿಸಿಆರ್ ಸೇರಿಸಿ, ಎರಡು ಪ್ರತಿ ಹೊತ್ತ ಮರಿಗಳನ್ನು ತೊಟ್ಟಿಗೆ ಇಳಿಸಬೇಡಿ.