ಹನ್ನೆರಡು ಮುಕ್ಕಾಲಿಂದ ಹಿಂದಕ್ಕೆ ಎಣಿಸಿ ಸೆಟ್ ಕಟ್ಟೋದು

ನಮ್ಮ ಬೆಂಗಳೂರಲ್ಲಿ ಕ್ಲಬ್ ರಾತ್ರಿ ಒಂದು ಗಂಟೆಗೆ ಮುಚ್ಚಬೇಕು, ಅಂದ್ರೆ ಹನ್ನೆರಡು ಮುಕ್ಕಾಲಿಗೆ ಮ್ಯೂಸಿಕ್ ನಿಲ್ಲಬೇಕು, ಬಿಲ್ ಆಗ್ಬೇಕು, ಜನ ಮೆಟ್ಟಿಲು ಹತ್ತಬೇಕು. ಬರ್ಲಿನ್‌ನಲ್ಲಿ ಆ ಹೊತ್ತಿಗೆ ಎಷ್ಟೋ ಜನ ಮನೆಯಿಂದಾನೇ ಹೊರಟಿರಲ್ಲ. ಹಾಗಾಗಿ ಡಿಜೆ ಆದ ನಾನು ಸೆಟ್‌ನ, ಅಂದ್ರೆ ಆ ರಾತ್ರಿ ಒಂದರ ಹಿಂದೊಂದು ಹಾಕೋ ಟ್ರ್ಯಾಕುಗಳ ಸಾಲನ್ನ, ಮೊದಲಿಂದ ಕಟ್ಟಲ್ಲ, ಕೊನೆಯಿಂದ ಕಟ್ತೀನಿ. ಈ ಊರಲ್ಲಿ ಇಪ್ಪತ್ತೈದು ವರ್ಷ ಪ್ಲೇ ಮಾಡಿ ಕಲಿತಿದ್ದರಲ್ಲಿ ಇದೇ ದೊಡ್ಡದು ಅನ್ಸುತ್ತೆ ನನಗೆ.

ಶುರು ಮಾಡಿದಾಗ ಇಷ್ಟೂ ಟೈಮ್ ಇರ್ಲಿಲ್ಲ. ಹನ್ನೊಂದೂವರೆಗೆ ಎಲ್ಲಾ ಬಂದ್ ಆಗ್ತಿದ್ದ ವರ್ಷಗಳಲ್ಲಿ ಹತ್ತೂವರೆಗೇ ರಾತ್ರಿ ಕಾವೇರಬೇಕಿತ್ತು, ಜನ ಆಫೀಸ್ ಬ್ಯಾಗ್ ಸಮೇತ ಬಂದಿರೋರು. 2008ರ ಹೊತ್ತಿಗಂತೂ ಕುಣಿಯೋದಕ್ಕೇ ನಿರ್ಬಂಧ ಬಂತು, ಕುರ್ಚಿ ಮೇಲೆ ಕೂತಿರೋ ಜನಕ್ಕೆ ಹೌಸ್ ಮ್ಯೂಸಿಕ್ ಹಾಕಿದೀನಿ, ಅವರ ಮೊಣಕಾಲು ಅಲ್ಲಾಡ್ತಿದ್ಯಾ ಅಂತ ಟೇಬಲ್ ಕೆಳಗೆ ನೋಡ್ತಿದ್ದೆ. ಆಮೇಲೆ 2014ರಲ್ಲಿ ಶುಕ್ರವಾರ ಶನಿವಾರಕ್ಕೆ ರಾತ್ರಿ ಒಂದು ಗಂಟೆವರೆಗೂ ಟೈಮ್ ಸಿಕ್ತು, 2016ರಲ್ಲಿ ಎಲ್ಲಾ ದಿನಕ್ಕೂ ಬಂತು. ಆ ಒಂದೂವರೆ ಗಂಟೆ ನಮ್ಮಂಥೋರಿಗೆ ಎಷ್ಟು ದೊಡ್ಡದು ಅಂತ ಹೊರಗಿನೋರಿಗೆ ಹೇಳೋದು ಕಷ್ಟ.

ಹೋದ ಶನಿವಾರದ್ದೇ ಹೇಳ್ತೀನಿ. ಚರ್ಚ್ ಸ್ಟ್ರೀಟ್ ಹತ್ರ ಒಂದು ಬೇಸ್‌ಮೆಂಟ್ ಜಾಗ, ನನ್ನ ಸ್ಲಾಟ್ ಹನ್ನೊಂದರಿಂದ. ಒಂಬತ್ತೂವರೆಗೇ ಹೋದೆ, ಯಾವಾಗ್ಲೂ ಹಾಗೇನೇ. ಮೊದಲು ರೂಮ್ ಸುತ್ತಾಡ್ತೀನಿ, ಬಾರ್ ಹತ್ರ ನಿಲ್ತೀನಿ, ಮೂಲೆಗೆ ಹೋಗಿ ನಿಲ್ತೀನಿ. 50 ಹರ್ಟ್ಜ್ ಬೇಸ್ ಅಲೆ ಹತ್ತಿರ ಹತ್ತಿರ 7 ಮೀಟರ್ ಉದ್ದ ಇರುತ್ತೆ, ಸಣ್ಣ ರೂಮಲ್ಲಿ ಅದಕ್ಕೆ ಹೋಗೋಕೆ ಜಾಗ ಇಲ್ಲ, ಗೋಡೆಗೆ ಬಡಿದು ವಾಪಸ್ ಬಂದು ಮೂಲೆಯಲ್ಲಿ ಗುಂಯ್ ಅಂತ ತುಂಬ್ಕೊಳುತ್ತೆ, ನಡುವೆ ಎಲ್ಲೋ ಬೇಸೇ ಇಲ್ದಂಗೆ ಆಗುತ್ತೆ. ಇದು ಗೊತ್ತಿಲ್ಲದೆ ನಾವು ನಿಂತು ಪ್ಲೇ ಮಾಡೋ ಬೂತ್‌ನಲ್ಲಿ ಕೇಳಿಸಿದ್ದೇ ನಿಜ ಅಂದ್ಕೊಂಡ್ರೆ ರಾತ್ರಿಯೆಲ್ಲ ಕೆಡುತ್ತೆ. ಜನ ತುಂಬಿದ ಮೇಲೆ ಬೇರೆ ಕಥೆ, ಬಟ್ಟೆ ಮೈ ಎಲ್ಲಾ ಸೇರಿ ಮೇಲಿನ ಸ್ಥಾಯಿಯ ಸದ್ದನ್ನ ಹೀರ್ಕೊಳುತ್ತೆ, ಖಾಲಿ ರೂಮಲ್ಲಿ ಕಿವಿಗೆ ಚುಚ್ಚುತ್ತಿದ್ದ ಹೈ-ಹ್ಯಾಟ್ ತಾಳದ ಸದ್ದು ಹನ್ನೊಂದೂವರೆಗೆ ಸರಿಯಾಗಿರುತ್ತೆ.

ನನಗಿಂತ ಮುಂಚೆ ಇದ್ದ ಹುಡುಗ ಒಳ್ಳೆ ಕಿವಿ ಇರೋನು, ಆದ್ರೆ ಹತ್ತೂ ಮುಕ್ಕಾಲಿಗೇ 132 ಬಿಪಿಎಂಗೆ, ಅಂದ್ರೆ ನಿಮಿಷಕ್ಕೆ 132 ಬೀಟಿಗೆ ಹೋಗ್ಬಿಟ್ಟಿದ್ದ, ಅರ್ಧ ತುಂಬಿದ ಫ್ಲೋರ್‌ಗೆ. ಇನ್ನೂ ಡ್ರಿಂಕ್ ಹಿಡ್ಕೊಂಡು ಮಾತಾಡ್ತಿರೋ ಜನಕ್ಕೆ ಅದು ಒತ್ತಾಯ ಆಗುತ್ತೆ. "ಅಣ್ಣಾ, ಜಾಸ್ತಿ ಆಯ್ತಾ?" ಅಂತ ಅವನೇ ಕೇಳ್ದ. "ಪರವಾಗಿಲ್ಲ ಕಣೋ, ಕೊನೆ ಟ್ರ್ಯಾಕ್ ಪೂರ್ತಿ ಮುಗೀಲಿ ಬಿಡು, ಮಿಕ್ಸ್ ಮಾಡ್ಬೇಡ" ಅಂದೆ. ಅದರ ಕೊನೆ ಬಾಲ ಕರಗ್ತಿದ್ದಂಗೆ ಕಿಕ್, ಅಂದ್ರೆ ದಪ್ಪ ಡ್ರಮ್ಮಿನ ಪೆಟ್ಟು, ಇಲ್ಲದ ಒಂದು ಉದ್ದ ಸಿಂತ್ ಸ್ವರ ತೆಗೆದೆ, ಅರ್ಧ ನಿಮಿಷ ಅಷ್ಟೇ, ಆಮೇಲೆ 121ರಲ್ಲಿ ಕಿಕ್ ಬಿಟ್ಟೆ. ಜನ ಒಂದ್ಸಲ ಉಸಿರು ಬಿಟ್ರು. ಮೇಲಿಂದ ಇಳಿಬೇಕು ಅಂದ್ರೆ ಒಂದೊಂದೇ ಬಿಪಿಎಂ ಕದ್ದು ಇಳಿಯೋದಕ್ಕಿಂತ ಹೀಗೆ ಧೈರ್ಯವಾಗಿ ನಿಲ್ಲಿಸಿ ಶುರು ಮಾಡೋದೇ ವಾಸಿ.

ಇನ್ನು ಲೆಕ್ಕ. ಹನ್ನೊಂದರಿಂದ ಹನ್ನೆರಡು ಮುಕ್ಕಾಲು, 105 ನಿಮಿಷ. ಆರಾರು ನಿಮಿಷದ ಟ್ರ್ಯಾಕು, ಒಂದರ ಮೇಲೊಂದು ಒಂದು ನಿಮಿಷ ಕೂರುತ್ತೆ, ಅಂದ್ರೆ ಇಪ್ಪತ್ತೊಂದು ಟ್ರ್ಯಾಕ್ ಹಿಡಿಯುತ್ತೆ. ಯುಎಸ್‌ಬಿಯಲ್ಲಿ ಆ ರಾತ್ರಿಗೆ ಅಂತ ಎಪ್ಪತ್ತು ಇಟ್ಕೊಂಡಿರ್ತೀನಿ. ಮೊದಲೇ ತೀರ್ಮಾನ ಆಗಿರೋದು ಕೊನೆಯ ಮೂರು ಮಾತ್ರ. ಕೊನೇದು 12:38ಕ್ಕೆ ಶುರು ಆಗ್ಬೇಕು, ಅದಕ್ಕೆ ಮುಂಚಿನದು 12:33, ಅದಕ್ಕೂ ಮುಂಚಿನದು 12:28. ಮಧ್ಯದ್ದೆಲ್ಲ ಫ್ಲೋರ್ ನೋಡ್ಕೊಂಡು. ಅದೂ ಕೈ ನೋಡಲ್ಲ ನಾನು, ಫೋನ್ ಹಿಡಿದು ಕೈ ಎತ್ತೋದು ಯಾರು ಬೇಕಾದ್ರೂ ಎತ್ತುತ್ತಾರೆ, ಹಿಂದಿನ ಸಾಲಿನೋರ ಕಾಲು ನೋಡ್ತೀನಿ.

ಮಿಕ್ಸಿಂಗ್ ಕಲಿತಿದ್ದು ಟೆಕ್ನಿಕ್ಸ್ 1200 ಟರ್ನ್‌ಟೇಬಲ್ ಮೇಲೆ. ಸ್ಕ್ರೀನ್ ಇಲ್ಲ, ಬಿಪಿಎಂ ನಂಬರ್ ಇಲ್ಲ, ಸ್ಪೀಡ್ ಬದಲಿಸೋ ಪಿಚ್ ಸ್ಲೈಡರ್ ಮೇಲೆ ಕೆಳಗೆ ಶೇಕಡಾ 8, ಅಷ್ಟೇ. ಎರಡು ರೆಕಾರ್ಡ್ ಮಧ್ಯೆ ಸ್ಪೀಡು ಬರೀ ಶೇಕಡಾ 0.1 ವ್ಯತ್ಯಾಸ ಇದ್ರೂ ಒಂದು ನಿಮಿಷಕ್ಕೆ 60 ಮಿಲಿಸೆಕೆಂಡ್ ಜಾರುತ್ತೆ, ಆಗ ಎರಡು ಕಿಕ್ ಒಂದಾಗಿರಲ್ಲ, ಕುದುರೆ ಓಡಿದಂಗೆ ದಡಕ್ ದಡಕ್ ಅನ್ನುತ್ತೆ. ಈಗಿನ ಡೆಕ್‌ಗಳಲ್ಲಿ ಸ್ಪೀಡ್ ತಾನಾಗೇ ಹೊಂದಿಸೋ ಸಿಂಕ್ ಬಟನ್ ಇದೆ, ಒತ್ತೋರ ಬಗ್ಗೆ ನನಗೆ ತಕರಾರಿಲ್ಲ, ಆದ್ರೆ ಮುಂದಿನ ಟ್ರ್ಯಾಕ್ ಯಾವಾಗ ತರಬೇಕು ಅನ್ನೋದನ್ನ ಸಿಂಕ್ ಹೇಳ್ಕೊಡಲ್ಲ. ಅದನ್ನ ನಾನು ಕಲಿತಿದ್ದು ಅಮ್ಮನಿಂದ. ರಾಮನವಮಿ ಟೈಮಲ್ಲಿ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ಕಛೇರಿಗಳಿಗೆ ಕರ್ಕೊಂಡು ಹೋಗ್ತಿದ್ರು, ತೊಡೆ ಮೇಲೆ ತಾಳ ಹಾಕ್ತಾ ಕೂತಿರೋರು, ನಾನೂ ಪಕ್ಕದಲ್ಲಿ ಕೂತು ಹಾಕ್ತಿದ್ದೆ. ಟೆಕ್ನೋದ ಒಂದು ಫ್ರೇಸ್ ಅಂದ್ರೆ 32 ಬೀಟು, ಅಂದ್ರೆ ಎಂಟೆಂಟು ಎಣಿಕೆಯ ಆದಿತಾಳದ ನಾಲ್ಕು ಆವರ್ತ, 125 ಬಿಪಿಎಂನಲ್ಲಿ ಸುಮಾರು 15 ಸೆಕೆಂಡ್. ಇವತ್ತಿಗೂ ಬೂತ್‌ನಲ್ಲಿ ಎಡಗೈ ಕಿರುಬೆರಳಿಂದ ಎಣಿಸ್ತಿರುತ್ತೆ. ನಾಲ್ಕನೇ ಆವರ್ತ ಮುಗಿದು ಸಮಕ್ಕೆ, ಅಂದ್ರೆ ಮತ್ತೆ ಮೊದಲ ಎಣಿಕೆಗೆ, ಬಂದ ಗಳಿಗೆಯಲ್ಲೇ ಹಳೇ ಟ್ರ್ಯಾಕಿನ ಬೇಸ್ ತೆಗೆದು ಹೊಸದರ ಬೇಸ್ ಕೊಡ್ಬೇಕು. ಎರಡೂ ಬೇಸ್ ಒಟ್ಟಿಗೆ ಬಿಟ್ರೆ ಕೆಸರಾಗುತ್ತೆ.

ಹನ್ನೆರಡಾದ ಮೇಲೆ ಇನ್ನೊಂದು ಅಪಾಯ ಇದೆ, ಕಿವಿ ದಣಿಯೋದು. ದಣಿದ ಕಿವಿಗೆ ಎಲ್ಲಾ ಮಂಕಾಗಿ ಕೇಳುತ್ತೆ, ಕೈ ತಾನಾಗೇ ವಾಲ್ಯೂಮ್ ಏರಿಸುತ್ತೆ, ಮಿಕ್ಸರಿನ ಲೈಟ್ ಕೆಂಪಾಗುತ್ತೆ, ಸದ್ದು ಒಡೆಯುತ್ತೆ. 85 ಡೆಸಿಬಲ್‌ನಲ್ಲಿ 8 ಗಂಟೆ ಇರಬಹುದು ಅಂತಾರೆ, ಆದ್ರೆ 3 ಡೆಸಿಬಲ್ ಏರಿದಾಗೆಲ್ಲ ಟೈಮ್ ಅರ್ಧ ಆಗ್ತಾ ಹೋಗುತ್ತೆ, 100 ಡೆಸಿಬಲ್‌ಗೆ ಬರೀ 15 ನಿಮಿಷ. ಇದನ್ನ ನಾನು ತಡವಾಗಿ ತಿಳ್ಕೊಂಡೆ, ಎಡಗಿವಿಯಲ್ಲಿ ರಾತ್ರಿ ಮಲಗಿದಾಗ ಸಣ್ಣಗೆ ಕುಂಯ್ ಅನ್ನೋದು ಈಗ ಹೋಗಲ್ಲ. ಹೊಸಬರಿಗೆ ನಾನು ಕೈ ಮುಗಿದು ಕೇಳ್ಕೊಳ್ಳೋದು ಇದೊಂದೇ, ಹೆಡ್‌ಫೋನ್ ತಗೊಳೋಕೆ ಮುಂಚೆ ಮ್ಯುಸಿಷಿಯನ್ಸ್ ಇಯರ್‌ಪ್ಲಗ್ ತಗೊಳಿ, ಬೂತ್ ಮಾನಿಟರ್ ಸ್ಪೀಕರ್ ತಗ್ಗಿಸಿ ಇಟ್ಕೊಳಿ.

ಹನ್ನೆರಡೂ ಇಪ್ಪತ್ತಕ್ಕೆ ಡೊಳ್ಳು ತಂದೆ. ಸಾಗರದ ಕಡೆ ಒಂದು ಊರಲ್ಲಿ ಕುಣಿತದ ತಂಡದೋರ ಒಪ್ಪಿಗೆ ತಗೊಂಡು ನಾನೇ ಎರಡು ಮೈಕ್ ಇಟ್ಟು ರೆಕಾರ್ಡ್ ಮಾಡ್ಕೊಂಡಿದ್ದು. ಕುಣಿಯೋರ ಹುಮ್ಮಸ್ಸು ಏರಿದಂಗೆ ಡೊಳ್ಳಿನ ವೇಗ ಏರುತ್ತೆ, ಅದನ್ನ ಕಂಪ್ಯೂಟರ್‌ನಲ್ಲಿ ಪ್ರತಿ ಪೆಟ್ಟೂ ಸಮ ಅಂತರದ ಗ್ರಿಡ್‌ಗೆ ಕೂರಿಸಿದಾಗ ಜೀವಾನೇ ಹೋಯ್ತು. ತಿಂಗಳುಗಟ್ಟಲೆ ಕೂತು ಕೊನೆಗೆ ಪ್ರತಿ ಸುತ್ತಿನ ಮೊದಲ ಪೆಟ್ಟನ್ನ ಮಾತ್ರ ಕಿಕ್ ಜೊತೆ ಸೇರಿಸಿ, ಒಳಗಿನ ಪೆಟ್ಟುಗಳನ್ನ ಅವರು ಬಾರಿಸಿದಂಗೇ ಬಿಟ್ಟೆ. ಶನಿವಾರ 128ರಲ್ಲಿ ಓಡ್ತಿದ್ದ ಟ್ರ್ಯಾಕಿನ ಬೇಸ್ ಪೂರ್ತಿ ತೆಗೆದು ಡೊಳ್ಳು ಮಾತ್ರ ಎರಡು ಆವರ್ತ ಬಿಟ್ಟಾಗ ಬಾರ್ ಹತ್ರ ಒರಗಿ ನಿಂತಿದ್ದೋರು ಕೂಡ ಗ್ಲಾಸ್ ಇಟ್ಟು ಒಳಗೆ ಬಂದ್ರು, ಯಾರೂ ಫೋನ್ ತೆಗೀಲಿಲ್ಲ, ನನ್ನ ಮೈಯೆಲ್ಲ ಜುಮ್ ಅಂತು. ಅಲ್ಲಿಂದ ಕೊನೆಯ ಮೂರು ಟ್ರ್ಯಾಕ್ ತಾವಾಗೇ ಹೋದವು. 12:44ಕ್ಕೆ ಮ್ಯಾನೇಜರ್ ಕೈ ಎತ್ತಿದ್ರು, ವಾಲ್ಯೂಮ್ ಫೇಡರ್ ಇಳಿಸಿದೆ, ಲೈಟ್ ಬಂತು.

ಭಾನುವಾರ ಬೆಳಗ್ಗೆ ಕಾಫಿ ಹಿಡ್ಕೊಂಡು ರೆಕಾರ್ಡಿಂಗ್ ಕೇಳ್ದೆ, ಪ್ರತಿ ಸೆಟ್ ಕೇಳ್ತೀನಿ. 41ನೇ ನಿಮಿಷದಲ್ಲಿ ಬೇಸ್ ಬದಲಾವಣೆ ಒಂದು ಆವರ್ತ ಬೇಗ ಆಗಿದೆ. ಡೊಳ್ಳು ತಂದಿದ್ದು ತಡವಾಯ್ತು, ಜನ ಅದಕ್ಕೆ ಹನ್ನೆರಡೂ ಕಾಲಿಗೇ ರೆಡಿ ಇದ್ರು, ಆ ಜಾಗ ಕೇಳಿದ್ರೆ ಗೊತ್ತಾಗುತ್ತೆ. ನೋಟ್‌ಬುಕ್‌ನಲ್ಲಿ ಬರ್ಕೊಂಡಿದೀನಿ, ಮುಂದಿನ ಸಲ 12:15.