ಹವಳದ ಬುಡದಲ್ಲಿ ಕಂಡ ಬಿಳಿ ಪಟ್ಟಿ

ಡಲ್ಲಾಸ್ ಬಳಿಯ ಪ್ಲೇನೋದಲ್ಲಿರುವ ನಮ್ಮ ಮನೆಯ ನಡುಕೋಣೆಯಲ್ಲಿ 120 ಗ್ಯಾಲನ್, ಅಂದರೆ ಸುಮಾರು 450 ಲೀಟರ್ ಉಪ್ಪುನೀರು ಹಿಡಿಯುವ ರೀಫ್ ಟ್ಯಾಂಕ್ ಒಂದಿದೆ. ಅದರಲ್ಲಿರುವ ಹವಳಗಳೆಲ್ಲ ಇಲ್ಲಿನ ಸಾಕಣೆದಾರರಲ್ಲಿ ತುಂಡಿನಿಂದ ತುಂಡಾಗಿ ಬೆಳೆದು ಬಂದವು. ಊರಿಗೆ ಹೋದಾಗ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ನೀರಿಗಿಳಿದು, ಮೊದಲ ಸಲ ಜೀವಂತ ಹವಳವನ್ನು ಹತ್ತಿರದಿಂದ ನೋಡಿದ ಮೇಲೆ ಹುಟ್ಟಿದ ಆಸೆ ಇದು. ಭಾರತದಲ್ಲಿ ಕಲ್ಲುಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಅಲ್ಲಿನ ಸಮುದ್ರದಿಂದ ಒಂದು ಚೂರನ್ನೂ ಎತ್ತುವಂತಿಲ್ಲ, ಎತ್ತಲೂಬಾರದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಮೀನುಗಳಿಗೆ ಆಹಾರ ಹಾಕುತ್ತಿದ್ದ ನನ್ನ ಹೆಂಡತಿ, "ರೀ, ಈ ಹವಳದ ಬುಡ ಬೆಳ್ಳಗಾಗಿದೆ, ಒಂದು ಸಲ ಬಂದು ನೋಡಿ" ಎಂದು ಕರೆದಳು. ನಾಲ್ಕು ವರ್ಷಗಳಿಂದ ಬೆಳೆದಿದ್ದ ಹಸಿರು ಅಕ್ರೋಪೋರಾ ಎಂಬ ಕವಲೊಡೆಯುವ ಕಲ್ಲುಹವಳದ ಬುಡದಲ್ಲಿ, ಬಂಡೆಗೆ ಅಂಟಿಕೊಂಡ ಜಾಗದಿಂದ ಒಂದು ಬೆರಳಗಲದಷ್ಟು ಮೇಲಕ್ಕೆ, ಸುಣ್ಣ ಬಳಿದಂತಹ ಬಿಳಿ ಪಟ್ಟಿಯೊಂದು ಸುತ್ತಲೂ ಹಬ್ಬಿತ್ತು. ಭೂತಗನ್ನಡಿ ಹಿಡಿದು ನೋಡಿದಾಗ ಅಲ್ಲಿ ಪಾಲಿಪ್‌ಗಳು, ಅಂದರೆ ಹವಳವನ್ನು ಕಟ್ಟುವ ಪುಟ್ಟ ಜೀವಿಗಳು, ಇರಲಿಲ್ಲ. ಅವು ಕುಳಿತಿದ್ದ ಗುಂಡಿಗಳು ಮಾತ್ರ ಖಾಲಿಯಾಗಿ ಉಳಿದಿದ್ದವು. ಹವಳ ಬಿಳಿಚಿಕೊಳ್ಳುವುದು ಬೇರೆ, ಅಂಗಾಂಶ ಕಳಚಿಹೋಗುವುದು ಬೇರೆ. ಬಿಳಿಚಿಕೊಂಡ ಹವಳದಲ್ಲಿ ಒಳಗಿನ ಪಾಚಿ ಮಾತ್ರ ಹೋಗಿರುತ್ತದೆ, ಗಾಜಿನಂತೆ ಪಾರದರ್ಶಕವಾದ ಪಾಲಿಪ್‌ಗಳು ಇನ್ನೂ ಇರುತ್ತವೆ ಮತ್ತು ಅವು ರಾತ್ರಿ ಕೈಚಾಚುವುದೂ ಉಂಟು. ನನ್ನ ಹವಳದಲ್ಲಿ ಉಳಿದದ್ದು ಬರಿಯ ಗೂಡು.

ಆ ದಿನ ನಾನು ಮಾಡಿದ್ದು ತಪ್ಪು. ಕಾರಣವೇನೆಂದು ಯೋಚಿಸುವ ಮೊದಲೇ ಹವಳವನ್ನು ಬಂಡೆಯಿಂದ ಬಿಡಿಸಿ, ತಿಳಿ ಚಹಾದ ಬಣ್ಣಕ್ಕೆ ಬರುವಷ್ಟು ಅಯೋಡಿನ್ ಬೆರೆಸಿದ ಟ್ಯಾಂಕ್ ನೀರಿನಲ್ಲಿ ಹತ್ತು ನಿಮಿಷ ಅದ್ದಿಟ್ಟೆ. ಟ್ಯಾಂಕಿನ ಮೂರನೇ ಒಂದು ಭಾಗ ನೀರನ್ನು ಒಮ್ಮೆಲೇ ಬದಲಿಸಿದೆ. ನೀರನ್ನು ಇನ್ನಷ್ಟು ಶುದ್ಧ ಮಾಡುವ ಆತುರದಲ್ಲಿ ಫಾಸ್ಫೇಟ್ ಹೀರುವ ಕಬ್ಬಿಣದ ಹರಳುಗಳನ್ನು ಹೊಸದಾಗಿ ತುಂಬಿದೆ. ಎರಡನೆಯ ರಾತ್ರಿ ಆ ಹವಳ ಪೂರ್ತಿಯಾಗಿ ಕಳಚಿತು. ಬೆಳಗಿನ ಜಾವ ಟಾರ್ಚ್ ಹಾಕಿ ನೋಡಿದಾಗ, ಕೊಂಬೆಗಳಿಂದ ಅಂಗಾಂಶವು ಕುದಿಸಿ ತಣಿಸಿದ ಹಾಲಿನ ಕೆನೆಯಂತೆ ತೆಳುವಾದ ಎಳೆಗಳಾಗಿ ಎದ್ದು, ಪಂಪಿನ ನೀರಿನ ಸೆಳೆತಕ್ಕೆ ಅಲುಗಾಡುತ್ತಿತ್ತು. ಮಧ್ಯಾಹ್ನದೊಳಗೆ ತುದಿಯವರೆಗೂ ಬಿಳಿ. ಪಕ್ಕದ ಎರಡು ಅಕ್ರೋಪೋರಾಗಳ ಬುಡದಲ್ಲೂ ಅದೇ ಬಿಳಿ ಗೆರೆ ಮೂಡಿದ್ದನ್ನು ಅಂದೇ ಕಂಡೆ.

ನಮ್ಮ ಹವ್ಯಾಸದಲ್ಲಿ ಈ ಸ್ಥಿತಿಗೆ ಎರಡು ಹೆಸರುಗಳಿವೆ. ಗಂಟೆಗಳಲ್ಲಿ, ಒಂದೆರಡು ದಿನಗಳಲ್ಲಿ ಮುಗಿಯುವುದನ್ನು ಆರ್‌ಟಿಎನ್ (ರ‍್ಯಾಪಿಡ್ ಟಿಶ್ಯೂ ನೆಕ್ರೋಸಿಸ್) ಎನ್ನುತ್ತೇವೆ. ವಾರಗಟ್ಟಲೆ ನಿಧಾನವಾಗಿ ಮೇಲೇರುವುದನ್ನು ಎಸ್‌ಟಿಎನ್ (ಸ್ಲೋ ಟಿಶ್ಯೂ ನೆಕ್ರೋಸಿಸ್) ಎನ್ನುತ್ತೇವೆ. ಹೆಸರಿಟ್ಟ ಕೂಡಲೇ ರೋಗ ತಿಳಿಯಿತೆಂದು ಅನ್ನಿಸಿಬಿಡುತ್ತದೆ, ಆದರೆ ಈ ಎರಡೂ ಹೆಸರುಗಳು ಹೇಳುವುದು ವೇಗವನ್ನು ಮಾತ್ರ, ಕಾರಣವನ್ನಲ್ಲ. ಜ್ವರವೆಂದರೆ ರೋಗವಲ್ಲ, ರೋಗದ ಗುರುತು ಎಂದು ನಮ್ಮ ವೈದ್ಯರು ಹೇಳುವ ಹಾಗೆ, ಅಂಗಾಂಶ ಕಳಚುವುದೂ ಒಂದು ಗುರುತು. ಆದ್ದರಿಂದ ಮೊದಲ ಹವಳವನ್ನು ಕಳೆದುಕೊಂಡ ಮೇಲೆ ಏನನ್ನೂ ಸುರಿಯದೆ, ಎರಡು ದಿನ ನೋಡುವುದು, ಬರೆದಿಡುವುದು, ಇಷ್ಟನ್ನೇ ಮಾಡಲು ನಿರ್ಧರಿಸಿದೆ.

ನೋಡುವುದರಲ್ಲಿ ನನಗೆ ಹೆಚ್ಚು ನೆರವಾದದ್ದು ಆ ಬಿಳಿ ಪಟ್ಟಿಯೇ. ಬರಿದಾದ ಗೂಡು ಕೆಲವು ದಿನಗಳಲ್ಲಿ ಪಾಚಿಯ ತೆಳು ಪದರ ಹಿಡಿದು ಮಾಸಲು ಹಸಿರಾಗುತ್ತದೆ. ಹಾಗಾಗಿ ಅಚ್ಚ ಬಿಳಿ ಇರುವಷ್ಟು ಅಗಲ ಇತ್ತೀಚೆಗೆ ಹೋದದ್ದು, ಹಸಿರಾದದ್ದು ಹಿಂದೆಯೇ ಹೋದದ್ದು. ನನ್ನ ಎರಡು ಹವಳಗಳ ಬುಡದ ಹಿಂಬದಿಯಲ್ಲಿ, ಮುಂದಿನಿಂದ ಕಾಣದ ಕಡೆ, ಹಸಿರು ಪಟ್ಟಿ ಆಗಲೇ ಸೆಂಟಿಮೀಟರಿಗಿಂತ ಅಗಲವಾಗಿತ್ತು. ಅಂದರೆ ಕೇಡು ಶುರುವಾಗಿದ್ದು ಆ ವಾರವಲ್ಲ, ಅದಕ್ಕೂ ಸಾಕಷ್ಟು ಮೊದಲು. ಜೀವಂತ ಅಂಗಾಂಶದ ಅಂಚಿನಲ್ಲಿ ಸೂಪರ್ ಗ್ಲೂ ಜೆಲ್‌ನ ಸಾಸಿವೆಯಷ್ಟು ಚುಕ್ಕೆ ಇಟ್ಟು, ಬೆಳಿಗ್ಗೆ ಮತ್ತು ಸಂಜೆ ಒಂದೇ ಕೋನದಿಂದ ಫೋಟೊ ತೆಗೆದು ಹೋಲಿಸಿದೆ. ಗೆರೆ ದಿನಕ್ಕೆ ಒಂದೆರಡು ಮಿಲಿಮೀಟರ್ ಮೇಲೇರುತ್ತಿತ್ತು. ಕೊಂಬೆಗಳ ತುದಿಗಳೂ ಸುಟ್ಟಂತೆ ಬೆಳ್ಳಗಾಗಿ ಚೂಪಾಗಿದ್ದವು. ಬುಡ ಮತ್ತು ತುದಿ ಎರಡೂ ಕಡೆ ಒಟ್ಟಿಗೆ ಕೇಡು ಕಂಡರೆ ಮೊದಲು ನೀರನ್ನೇ ಶಂಕಿಸಬೇಕೆಂಬುದು ನನ್ನ ಈಗಿನ ಅಭಿಪ್ರಾಯ.

ಆದರೂ ಹುಳುಗಳನ್ನು ತಳ್ಳಿಹಾಕದೆ ಮುಂದೆ ಹೋಗುವಂತಿರಲಿಲ್ಲ. ಅಕ್ರೋಪೋರಾ ತಿನ್ನುವ ಚಪ್ಪಟೆ ಹುಳು ಹವಳದ ಬಣ್ಣವನ್ನೇ ಹೊದ್ದು ಕುಳಿತಿರುತ್ತದೆ. ಅದು ಕಚ್ಚಿದಲ್ಲಿ ದುಂಡಗಿನ ಮಾಸಲು ಕಲೆಗಳು ಉಳಿಯುತ್ತವೆ, ಬರಿದಾದ ಗೂಡಿನ ಮೇಲೆ ಕಂದು ಬಣ್ಣದ ಮೊಟ್ಟೆಗಳ ಗುಂಪು ಸಿಗುತ್ತದೆ. ಒಂದು ಹವಳವನ್ನು ಬಿಳಿ ಬಕೆಟ್ಟಿನಲ್ಲಿಟ್ಟು ಪಿಪೆಟ್ಟಿನಿಂದ ನೀರನ್ನು ರಭಸವಾಗಿ ಚಿಮ್ಮಿಸಿ ತಳವನ್ನು ಪರೀಕ್ಷಿಸಿದೆ. ಒಂದು ಹುಳುವೂ ಬೀಳಲಿಲ್ಲ. ದೀಪ ಆರಿದ ಎರಡು ಗಂಟೆಗಳ ನಂತರ ಕೆಂಪು ಟಾರ್ಚ್ ಹಿಡಿದು ಮಾಂಟಿಪೋರಾ ಎಂಬ ಇನ್ನೊಂದು ಬಗೆಯ ಹವಳಗಳ ಅಡಿಯನ್ನೂ ನೋಡಿದೆ. ಅಲ್ಲಿಯೂ ಏನೂ ಇರಲಿಲ್ಲ.

ಇನ್ನು ಉಳಿದದ್ದು ನೀರು. ಉಷ್ಣತೆ 25.5 ಡಿಗ್ರಿ, ಲವಣಾಂಶ ಸಾವಿರಕ್ಕೆ 35, ಕ್ಯಾಲ್ಸಿಯಂ 430 ಪಿಪಿಎಂ, ಆಲ್ಕಲಿನಿಟಿ (ಹವಳ ಗೂಡು ಕಟ್ಟಲು ಬಳಸುವ ಬೈಕಾರ್ಬೊನೇಟ್ ಮುಂತಾದವುಗಳ ಅಳತೆ; ಅದರ ಮಾನ ಡಿಕೆಎಚ್) 8.5 ಡಿಕೆಎಚ್. ಫಾಸ್ಫೇಟ್ ಮಾತ್ರ 0.01ಕ್ಕಿಂತ ಕೆಳಗೆ, ನೈಟ್ರೇಟ್ ಒಂದಕ್ಕೂ ಕಡಿಮೆ. ಲೋಹಗಳ ಪತ್ತೆಗೆ ಪ್ರಯೋಗಾಲಯಕ್ಕೆ ಕಳಿಸಿದ ನೀರಿನ ವರದಿಯಲ್ಲಿ ತಾಮ್ರವಾಗಲಿ ತವರವಾಗಲಿ ಹೆಚ್ಚಾಗಿರಲಿಲ್ಲ. ಕಾಗದದ ಮೇಲೆ ಈ ನೀರು ಚೆನ್ನಾಗಿಯೇ ಇತ್ತು. ಆದರೆ ಪಂಪುಗಳ ಮೂತಿ ಮತ್ತು ಹೀಟರಿನ ಮೇಲೆ ಸುಣ್ಣದ ಗಟ್ಟಿ ಪದರ ಕಟ್ಟಿದ್ದು ಕಣ್ಣಿಗೆ ಬಿತ್ತು. ಟ್ಯಾಂಕಿಗೆ ದ್ರಾವಣಗಳನ್ನು ಅಳೆದು ಹಾಕುವ ಡೋಸಿಂಗ್ ಪಂಪಿನ ಲೆಕ್ಕದ ಪುಸ್ತಕ ತೆಗೆದು ನೋಡಿದಾಗ, ಆಲ್ಕಲಿನಿಟಿಯನ್ನು 8.5ರಲ್ಲಿ ಹಿಡಿದಿಡಲು ನಾನು ಡಿಸೆಂಬರಿನಿಂದ ಸೋಡಾ ದ್ರಾವಣದ ಪ್ರಮಾಣವನ್ನು ನಾಲ್ಕು ಸಲ ಏರಿಸಿದ್ದೆ. ಹವಳಗಳು ಚೆನ್ನಾಗಿ ಬೆಳೆಯುತ್ತಿವೆ, ಅದಕ್ಕೇ ಹೆಚ್ಚು ಬಳಸುತ್ತಿವೆ ಎಂದು ಪ್ರತಿ ಸಲವೂ ಸಂತೋಷಪಟ್ಟಿದ್ದೆ. ಆದರೆ ಹಳೆಯ ಫೋಟೊಗಳ ಪಕ್ಕದಲ್ಲಿಟ್ಟು ನೋಡಿದರೆ ಆ ಮೂರು ತಿಂಗಳಲ್ಲಿ ಅಂತಹ ಬೆಳವಣಿಗೆಯೇನೂ ಇರಲಿಲ್ಲ.

ಆಗ ಅನುಮಾನ ಬಂದದ್ದು ಪರೀಕ್ಷಾ ಕಿಟ್ಟಿನ ಮೇಲೆ. ಅದನ್ನು ಪರೀಕ್ಷಿಸುವ ವಿಧಾನ ಅಡುಗೆಮನೆಯಲ್ಲೇ ಇದೆ: ಒಂದು ಲೀಟರ್ ಶುದ್ಧ ಆರ್‌ಓ ನೀರಿನಲ್ಲಿ 0.3 ಗ್ರಾಂ ಅಡುಗೆ ಸೋಡಾ ಕರಗಿಸಿದರೆ ಅದರ ಆಲ್ಕಲಿನಿಟಿ ಸರಿಯಾಗಿ 10 ಡಿಕೆಎಚ್ ಆಗುತ್ತದೆ. ಅಷ್ಟು ಸಣ್ಣ ತೂಕವನ್ನು ಮನೆಯ ತಕ್ಕಡಿಯಲ್ಲಿ ನಂಬುವಂತಿಲ್ಲವಾದ್ದರಿಂದ 3 ಗ್ರಾಂ ಸೋಡಾವನ್ನು ಒಂದು ಲೀಟರ್‌ನಲ್ಲಿ ಕರಗಿಸಿ, ಅದರಿಂದ 100 ಮಿಲಿಲೀಟರ್ ತೆಗೆದು ಮತ್ತೆ ಒಂದು ಲೀಟರಿಗೆ ತಂದೆ. ನನ್ನ ಕಿಟ್ ಅದನ್ನು 7.2 ಎಂದು ತೋರಿಸಿತು. ಮೂರು ಸಲ ಮಾಡಿದರೂ ಅಷ್ಟೇ. ಆಮ್ಲದ ಬಾಟಲಿಯ ಮುಚ್ಚಳದ ಸುತ್ತ ಒಂದು ಸಣ್ಣ ಸೀಳಿತ್ತು. ಹೀಟರ್ ಹಾಕಿದ ಒಣ ಚಳಿಗಾಲದ ಮನೆಯಲ್ಲಿ ನೀರಂಶ ಆರಿ ಒಳಗಿನ ಆಮ್ಲ ಗಟ್ಟಿಯಾಗುತ್ತಾ ಹೋಗಿರಬೇಕು. ಆಮ್ಲ ಗಟ್ಟಿಯಾದಷ್ಟೂ ಕಡಿಮೆ ಹನಿಗಳಲ್ಲೇ ಬಣ್ಣ ತಿರುಗುತ್ತದೆ, ಅಳತೆ ಕಡಿಮೆ ಕಾಣುತ್ತದೆ. ಲೆಕ್ಕ ಹಾಕಿದರೆ ನನ್ನ 8.5 ನಿಜವಾಗಿ 11.8 ಆಗಿತ್ತು. ಹೊಸ ಕಿಟ್ ತರಿಸಿದಾಗಲೂ ಅದೇ ಅಂಕಿ ಬಂತು.

ಸಮುದ್ರದ ನೀರಿನಲ್ಲಿ ಆಲ್ಕಲಿನಿಟಿ ಸುಮಾರು 7 ಡಿಕೆಎಚ್. ಹನ್ನೊಂದರಲ್ಲೂ ಹವಳ ಚೆನ್ನಾಗಿರುವ ಟ್ಯಾಂಕುಗಳನ್ನು ನೋಡಿದ್ದೇನೆ, ಆದರೆ ಆ ನೀರಿನಲ್ಲಿ ಪೋಷಕಾಂಶ ಸಾಕಷ್ಟಿರುತ್ತದೆ. ಆಲ್ಕಲಿನಿಟಿ ಏರಿದರೆ ಹವಳ ಸುಣ್ಣದ ಗೂಡನ್ನು ವೇಗವಾಗಿ ಕಟ್ಟಲು ಹೊರಡುತ್ತದೆ; ಆ ಗೂಡನ್ನು ಹೊದಿಸುವ ಅಂಗಾಂಶಕ್ಕೆ ಬೇಕಾದ ಸಾರಜನಕ, ರಂಜಕ ನೀರಿನಲ್ಲಿಲ್ಲದಿದ್ದರೆ ಹೊದಿಕೆ ತೆಳ್ಳಗಾಗಿ ಹರಿಯುತ್ತದೆ ಎಂಬುದು ಅನುಭವಿ ಸಾಕಣೆದಾರರು ಕೊಡುವ ವಿವರಣೆ, ಮತ್ತು ನನ್ನ ಹವಳಗಳ ಬೆಳ್ಳನೆಯ ತುದಿಗಳಿಗೆ ಅದು ಹೊಂದುತ್ತದೆ. ಇದ್ದ ಅಲ್ಪಸ್ವಲ್ಪ ಫಾಸ್ಫೇಟನ್ನೂ ನಾನು ಮೊದಲ ದಿನದ ಹರಳು ಮತ್ತು ನೀರಿನ ಬದಲಾವಣೆಯಿಂದ ಕಸಿದುಕೊಂಡಿದ್ದೆ.

ತಿದ್ದುವ ಕೆಲಸವನ್ನು ಬೇಕೆಂದೇ ನಿಧಾನವಾಗಿ ಮಾಡಿದೆ. ಸೋಡಾ ಡೋಸಿಂಗ್ ನಿಲ್ಲಿಸಿದಾಗ, ಕಾಯಿಲೆಯ ಹವಳಗಳು ಕಡಿಮೆ ಬಳಸುತ್ತಿದ್ದುದರಿಂದ, ಆಲ್ಕಲಿನಿಟಿ ದಿನಕ್ಕೆ ಅರ್ಧ ಡಿಕೆಎಚ್‌ನಷ್ಟು ಮಾತ್ರ ಇಳಿಯಿತು. ಎಂಟು ದಿನಗಳಲ್ಲಿ 8ಕ್ಕೆ ಬಂದ ಮೇಲೆ ಅಲ್ಲಿಗೇ ನಿಲ್ಲುವಂತೆ ಡೋಸಿಂಗ್ ಮರಳಿ ಆರಂಭಿಸಿದೆ. ಹರಳುಗಳನ್ನು ತೆಗೆದುಹಾಕಿ, ಮೀನುಗಳಿಗೆ ದಿನಕ್ಕೆ ಮೂರು ಸಲ ಆಹಾರ ಕೊಟ್ಟೆ. ಫಾಸ್ಫೇಟ್ 0.05ಕ್ಕೆ ಏರಲು ಮೂರು ವಾರ ಬೇಕಾಯಿತು.

ಅಷ್ಟರಲ್ಲಿ ಗೆರೆ ಮೇಲೇರುತ್ತಲೇ ಇತ್ತು. ನೀರು ಸರಿಯಾದ ಮಾತ್ರಕ್ಕೆ ಅಂಗಾಂಶ ಕಳಚುವುದು ತಕ್ಷಣ ನಿಲ್ಲುವುದಿಲ್ಲ. ನೀಲಿ ತುದಿಯ ಅಕ್ರೋಪೋರಾವನ್ನು ಉಳಿಸಲು ಕತ್ತರಿಸದೆ ವಿಧಿಯಿರಲಿಲ್ಲ. ಮೂಳೆ ಕತ್ತರಿಸುವ ಇಕ್ಕಳದಿಂದ ಗೆರೆಗಿಂತ ಎರಡು ಸೆಂಟಿಮೀಟರ್ ಮೇಲೆ, ಬಣ್ಣ ಗಾಢವಾಗಿರುವ ಕಡೆ ಕತ್ತರಿಸಿ, ಪ್ರತಿ ಕೊಂಬೆಗೂ ಇಕ್ಕಳವನ್ನು ತೊಳೆದೆ. ಅಂಚಿಗೆ ತೀರ ಹತ್ತಿರ ಕತ್ತರಿಸಿದರೆ ಬಣ್ಣ ಇದ್ದರೂ ಒಳಗೆ ಸಡಿಲವಾದ ಅಂಗಾಂಶ ಜೊತೆಗೇ ಬಂದುಬಿಡುತ್ತದೆ. ಏಳು ತುಂಡುಗಳನ್ನು ಕಡಿಮೆ ಬೆಳಕಿನ, ಸಾಧಾರಣ ಹರಿವಿನ ಮೂಲೆಯಲ್ಲಿ ಅಂಟಿಸಿದೆ. ಮೂರು ವಾರದೊಳಗೆ ಮೂರು ಸತ್ತವು, ನಾಲ್ಕು ಉಳಿದವು. ಇನ್ನೊಂದು ಹವಳದ ಗೆರೆಯುದ್ದಕ್ಕೂ ಗ್ಲೂ ಹಚ್ಚಿ ತಡೆಯಲು ನೋಡಿದೆ. ಅದು ಗ್ಲೂ ದಾಟಿ ಮುಂದುವರಿಯಿತು, ಆ ವಿಧಾನದ ಮೇಲೆ ನನಗೆ ಭರವಸೆಯಿಲ್ಲ.

ಇದರ ನಡುವೆಯೇ ಟಾರ್ಚ್ ಹವಳ ಎಂಬ ಬೇರೊಂದು ಜಾತಿಯ ಹವಳದ ಒಂದು ತಲೆಯ ಮೇಲೆ ಕಂದು ಲೋಳೆ ಕಾಣಿಸಿಕೊಂಡಿತು. ಇದು ಬೇರೆಯದೇ ಕಾಯಿಲೆ, ಮತ್ತು ಇಲ್ಲಿ ಕಾಯುವಂತಿಲ್ಲ. ಪಂಪುಗಳನ್ನೆಲ್ಲ ನಿಲ್ಲಿಸಿ, ಲೋಳೆ ಹಾರಿ ಹರಡದಂತೆ ತೆಳು ಕೊಳವೆಯಿಂದ ಹೀರಿ ತೆಗೆದೆ. ಒಂದು ಹನಿಯನ್ನು ಮಗಳ ಮೈಕ್ರೊಸ್ಕೋಪಿನಡಿ ಇಟ್ಟಾಗ ಸಿಲಿಯೇಟ್‌ಗಳೆಂಬ ಉದ್ದನೆಯ ಏಕಕೋಶ ಜೀವಿಗಳು ಗುಂಪುಗುಂಪಾಗಿ ಓಡಾಡುತ್ತಿದ್ದವು. ಅವುಗಳ ಹೊಟ್ಟೆಯಲ್ಲಿ ಹವಳದಿಂದ ನುಂಗಿದ ಪಾಚಿಯ ಕಂದು ಗುಂಡುಗಳು ಸ್ಪಷ್ಟವಾಗಿ ಕಾಣುತ್ತಿದ್ದವು. "ಅಪ್ಪಾ, ಇವು ಹವಳವನ್ನು ತಿಂದೇ ಈ ಬಣ್ಣ ಆಗಿದ್ದಾವಾ?" ಎಂದು ಅವಳು ಕೇಳಿದಳು, ಹೌದು, ಬಣ್ಣ ಅಲ್ಲಿಂದಲೇ ಬಂದದ್ದು. ಕವಲೊಡೆಯುವ ಟಾರ್ಚ್ ಹವಳದಲ್ಲಿ ತಲೆ ತಲೆಗಳ ನಡುವೆ ಬರಿಯ ಗೂಡಿರುವುದರಿಂದ ಆ ಒಂದು ತಲೆಯನ್ನು ಕವಲಿನಲ್ಲೇ ಕತ್ತರಿಸಿ ಎಸೆದೆ, ಉಳಿದದ್ದನ್ನು ಅಯೋಡಿನ್ ನೀರಿನಲ್ಲಿ ಅದ್ದಿದೆ. ಉಳಿದ ಐದು ತಲೆಗಳು ಬದುಕಿದವು.

ಆಂಟಿಬಯಾಟಿಕ್ ಹಾಕಲಿಲ್ಲವೇ ಎಂದು ಗೆಳೆಯರು ಕೇಳಿದರು. 2014ರಲ್ಲಿ ಮಯಾಮಿಯ ಬಳಿ ಮೊದಲು ಕಂಡು ಆಮೇಲೆ ಕೆರಿಬಿಯನ್ ಸಮುದ್ರದುದ್ದಕ್ಕೂ ಹರಡಿದ ಅಂಗಾಂಶ ಕಳಚುವ ರೋಗಕ್ಕೆ ಅಲ್ಲಿನ ಡೈವರ್‌ಗಳು ಅಮಾಕ್ಸಿಸಿಲಿನ್ ಬೆರೆಸಿದ ಮುಲಾಮನ್ನು ಗಾಯದ ಅಂಚಿಗೆ ಒತ್ತಿ ಎಷ್ಟೋ ಹಳೆಯ ಹವಳಗಳನ್ನು ಉಳಿಸಿದ್ದಾರೆ; ಆ ಕೆಲಸದ ಬಗ್ಗೆ ನನಗೆ ಬಹಳ ಗೌರವವಿದೆ. ಆದರೆ ಆ ರೋಗ ಮೆದುಳು ಹವಳದಂತಹ ಗುಂಡುಹವಳಗಳನ್ನು ಹೆಚ್ಚಾಗಿ ಹಿಡಿಯುತ್ತದೆ, ಅಲ್ಲಿನ ಅಕ್ರೋಪೋರಾಗಳಿಗೆ ತಗಲುವುದಾಗಿ ಕಂಡಿಲ್ಲ. ನನ್ನ ಟ್ಯಾಂಕಿನಲ್ಲಿ ಕಾರಣ ಕೈಗೆ ಸಿಕ್ಕಿತ್ತು. ನೀರು ತಿದ್ದಿದ ಮೇಲೂ ಗೆರೆ ನಿಲ್ಲದಿದ್ದರೆ ಪಶುವೈದ್ಯರ ಸಲಹೆ ಪಡೆದು, ಟ್ಯಾಂಕಿನ ಹೊರಗೆ ಬೇರೆ ಪಾತ್ರೆಯಲ್ಲಿ ಕೊಡಬೇಕೆಂದಿದ್ದೆ. ಟ್ಯಾಂಕಿಗೇ ಸುರಿದರೆ ಬಂಡೆಗಳಲ್ಲಿರುವ ಉಪಕಾರಿ ಬ್ಯಾಕ್ಟೀರಿಯಾಗಳೂ ಸಾಯಬಹುದು.

ಏಪ್ರಿಲ್ ಕೊನೆಯ ವಾರದಲ್ಲಿ ಗ್ಲೂ ಚುಕ್ಕೆಗಳ ಹತ್ತಿರ ಗೆರೆ ನಿಂತಿತು. ಒಟ್ಟು ಒಂಬತ್ತು ಅಕ್ರೋಪೋರಾಗಳಲ್ಲಿ ಮೂರು ಹೋದವು. ಈಗ ಪ್ರತಿ ತಿಂಗಳ ಮೊದಲ ಭಾನುವಾರ ಸೋಡಾ ದ್ರಾವಣದಿಂದ ಕಿಟ್ಟನ್ನು ಪರೀಕ್ಷಿಸುತ್ತೇನೆ, ಬಾಟಲಿಯ ಮೇಲೆ ತೆರೆದ ದಿನಾಂಕ ಬರೆಯುತ್ತೇನೆ, ಡೋಸಿಂಗ್ ಏರಿಸುವ ಮೊದಲು ಎರಡನೆಯ ಕಿಟ್ಟಿನಿಂದ ಅಳೆಯುತ್ತೇನೆ. ನೀಲಿ ತುದಿಯ ಹವಳವನ್ನು ಕತ್ತರಿಸಿದ ನಂತರ ಉಳಿದಿದ್ದ ಬುಡವನ್ನು ಬಂಡೆಯಿಂದ ಕೀಳಲಾಗದೆ ಹಾಗೆಯೇ ಬಿಟ್ಟಿದ್ದೆ. ಅದರ ಒಂದು ಬದಿಯಲ್ಲಿ ಉಗುರಿನಷ್ಟು ಅಂಗಾಂಶ ಉಳಿದುಕೊಂಡಿತ್ತೆಂಬುದು ಆಗ ಗೊತ್ತಾಗಲಿಲ್ಲ. ನವೆಂಬರ್ ಹೊತ್ತಿಗೆ ಅದು ಪಾಚಿ ಹಿಡಿದ ಹಳೆಯ ಗೂಡಿನ ಮೇಲೆ ಎರಡು ಬೆರಳಗಲ ಹರಡಿ, ತನ್ನ ಅಂಚಿನಲ್ಲಿ ಗುಂಡುಸೂಜಿಯ ತಲೆಯಷ್ಟು ಹೊಸ ಪಾಲಿಪ್‌ಗಳ ಸಾಲೊಂದನ್ನು ಮೂಡಿಸಿತ್ತು.