ಬಲ್ಬಿಗಿಂತ ಮೊದಲು ತಂತಿ: ಹಳ್ಳಿಯ ಬೀದಿದೀಪ ಬದಲಿಸಿದ ನನ್ನ ಅನುಭವ

ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಬೀದಿದೀಪಗಳನ್ನು ಎಲ್‌ಇಡಿಗೆ ಬದಲಿಸುವ ಕೆಲಸವನ್ನು ಒಪ್ಪಿಕೊಂಡಾಗ, ಎಷ್ಟು ವ್ಯಾಟ್‌ನ ದೀಪ ಹಾಕಬೇಕೆಂಬುದೇ ಮುಖ್ಯ ಪ್ರಶ್ನೆ ಎಂದು ನಾನು ತಿಳಿದಿದ್ದೆ. ಮೊದಲ ದಿನ ಮಟಮಟ ಮಧ್ಯಾಹ್ನ ಊರು ಸುತ್ತಿದಾಗ ಮೂರು ಬೀದಿಗಳಲ್ಲಿ ಟ್ಯೂಬ್‌ಲೈಟುಗಳು ಉರಿಯುತ್ತಲೇ ಇದ್ದವು. ಅದು ದೀಪ ಹಾಕಿ ಆರಿಸಬೇಕಾದ ನೀರುಗಂಟಿಯ ತಪ್ಪಾಗಿರಲಿಲ್ಲ. ಕರೆಂಟು ತರುವ ಮೂರು ಫೇಸ್ ತಂತಿ, ಅದು ಹಿಂತಿರುಗುವ ಒಂದು ನ್ಯೂಟ್ರಲ್ ತಂತಿಯ ಜೊತೆಗೆ ಬೀದಿದೀಪಕ್ಕೆಂದೇ ಕಂಬದ ಮೇಲೆ ಎಳೆಯಬೇಕಾದ ಐದನೆಯ ತಂತಿ ಅಲ್ಲಿ ಇರಲೇ ಇಲ್ಲ. ಮನೆಗಳಿಗೆ ಹೋಗುವ ಫೇಸಿನಿಂದಲೇ ದೀಪಗಳಿಗೂ ಸಂಪರ್ಕ ಕೊಟ್ಟಿದ್ದರಿಂದ ಅವುಗಳನ್ನು ಆರಿಸುವ ಸ್ವಿಚ್ಚೇ ಇರಲಿಲ್ಲ.

ಆ ಸಂಜೆ ಕುಳಿತು ಲೆಕ್ಕ ಹಾಕಿದೆ. 40 ವ್ಯಾಟ್‌ನ ಹಳೆಯ ಟ್ಯೂಬು ತನ್ನ ಚೋಕ್ ಸೇರಿ ಸುಮಾರು 55 ವ್ಯಾಟ್ ಎಳೆಯುತ್ತದೆ. ಹಗಲಿರುಳು ಉರಿದರೆ ದಿನಕ್ಕೆ 1.32 ಯೂನಿಟ್. ಅದರ ಜಾಗದಲ್ಲಿ 20 ವ್ಯಾಟ್‌ನ ಎಲ್‌ಇಡಿ ಹಾಕಿ, ಅದನ್ನೂ ಹಗಲಿರುಳು ಉರಿಯಬಿಟ್ಟರೆ 0.48 ಯೂನಿಟ್; ರಾತ್ರಿಯ 12 ಗಂಟೆ ಮಾತ್ರ ಉರಿಸಿದರೆ 0.24. ಆದ್ದರಿಂದ ದೀಪ ಕೊಳ್ಳುವ ಮೊದಲು ತಂತಿ ಎಳೆಸಬೇಕೆಂದು ಪಂಚಾಯಿತಿ ಸಭೆಯಲ್ಲಿ ಪಟ್ಟು ಹಿಡಿದೆ. ಹೊಸ ದೀಪ ಕಣ್ಣಿಗೆ ಕಾಣುತ್ತದೆ, ತಂತಿ ಕಾಣುವುದಿಲ್ಲ. ಸದಸ್ಯರನ್ನು ಒಪ್ಪಿಸಲು ಎರಡು ಸಭೆ ಬೇಕಾಯಿತು.

ತಂತಿಯ ತುದಿಯಲ್ಲಿ ಮೀಟರು, ದೀಪಗಳನ್ನೆಲ್ಲ ಒಟ್ಟಿಗೆ ಹಾಕಿ ಆರಿಸುವ ಸ್ವಿಚ್ಚಾದ ಕಾಂಟ್ಯಾಕ್ಟರ್ ಮತ್ತು ಖಗೋಳ ಟೈಮರ್ ಇರುವ ಪೆಟ್ಟಿಗೆಯನ್ನು ಕೂರಿಸಿದೆವು. ಅಕ್ಷಾಂಶ, ರೇಖಾಂಶ ಮತ್ತು ದಿನಾಂಕವನ್ನು ತುಂಬಿದರೆ ಈ ಟೈಮರ್ ಆಯಾ ದಿನದ ಸೂರ್ಯಾಸ್ತ, ಸೂರ್ಯೋದಯವನ್ನು ತಾನೇ ಲೆಕ್ಕ ಹಾಕುತ್ತದೆ. ನಮ್ಮ ಕಡೆ ನವೆಂಬರ್‌ಗೂ ಜುಲೈಗೂ ಸೂರ್ಯಾಸ್ತದಲ್ಲಿ ಸುಮಾರು ಒಂದು ಗಂಟೆಯ ವ್ಯತ್ಯಾಸವಿರುವುದರಿಂದ, ವರ್ಷವಿಡೀ ಒಂದೇ ಸಮಯ ಕಟ್ಟಿದ ಸಾಧಾರಣ ಟೈಮರ್ ಇಲ್ಲಿ ಸಾಲದು.

ನಾನು ಎಡವಿದ್ದು ಬೇರೆ ಕಡೆ. ಮುಂಗಾರಿಗೆ ಮುಂಚಿನ ಗಾಳಿಮಳೆಯಲ್ಲಿ ಒಂದು ರಾತ್ರಿ ನ್ಯೂಟ್ರಲ್ ತಂತಿ ತುಂಡಾಗಿ, 230 ವೋಲ್ಟ್ ಬರಬೇಕಾದ ಕಡೆ ಅದಕ್ಕಿಂತ ಬಹಳ ಹೆಚ್ಚು ಬಂದು, ಒಂದು ಬೀದಿಯ ಎಲ್‌ಇಡಿ ಡ್ರೈವರ್‌ಗಳೆಲ್ಲ, ಅಂದರೆ ದೀಪದೊಳಗೆ ಎಲ್‌ಇಡಿಗೆ ತಕ್ಕ ಕರೆಂಟು ಕೊಡುವ ಸರ್ಕ್ಯೂಟುಗಳೆಲ್ಲ, ಸುಟ್ಟುಹೋದವು. ಸಿಡಿಲಿನ ಹೊಡೆತವನ್ನು ತಡೆಯುವ ಸರ್ಜ್ ರಕ್ಷಣೆ ಅವುಗಳಲ್ಲಿತ್ತು. ಆದರೆ ಅದು ಕ್ಷಣಾರ್ಧದ ಏರಿಕೆಗೆ ಮಾತ್ರ, ಗಂಟೆಗಟ್ಟಲೆ ನಿಲ್ಲುವ ಹೆಚ್ಚು ವೋಲ್ಟೇಜಿಗೆ ಅಲ್ಲ. ಈ ಎರಡನ್ನೂ ಒಂದೇ ಎಂದು ಭಾವಿಸಿ ದೀಪಗಳನ್ನು ಆಯ್ಕೆ ಮಾಡಿದವನು ನಾನೇ. ಅಂದಿನಿಂದ 440 ವೋಲ್ಟ್ ತಾಳುವ ಡ್ರೈವರ್ ಇಲ್ಲದ ದೀಪವನ್ನು ಹಳ್ಳಿಗೆ ತರುವುದಿಲ್ಲ.

ನಡುರಾತ್ರಿ ಬೆಳಕು ತಾನಾಗಿ ಅರ್ಧಕ್ಕೆ ಇಳಿದು, ಕೆಲವು ಗಂಟೆಗಳ ಬಳಿಕ ಮತ್ತೆ ಪೂರ್ತಿಯಾಗುವ ದೀಪಗಳನ್ನೂ ಹಾಕಿದ್ದೆವು. ಅವುಗಳ ಡ್ರೈವರಿನಲ್ಲಿ ಗಡಿಯಾರವಿಲ್ಲ. ದೀಪ ಹೊತ್ತಿ ಎಷ್ಟು ಗಂಟೆಯಾಯಿತೆಂದು ಮಾತ್ರ ಅದು ಎಣಿಸುತ್ತದೆ. ಹೀಗಾಗಿ ರಾತ್ರಿ ಕರೆಂಟು ಹೋಗಿ ಬಂದರೆ ಮತ್ತೆ ಸಂಜೆಯಾಯಿತೆಂದು ಎಣಿಕೆಯನ್ನು ಮೊದಲಿನಿಂದ ಶುರುಮಾಡಿ, ಹೆಂಗಸರು ಕ್ಯಾನು ಹಿಡಿದು ಹಾಲಿನ ಡೇರಿಗೆ ಹೊರಡುವ ಬೆಳಗಿನ ಜಾವದಲ್ಲಿ ಬೆಳಕನ್ನು ತಗ್ಗಿಸುತ್ತಿತ್ತು. ಚರಂಡಿಯ ಚಪ್ಪಡಿ ಕಾಣುವುದಿಲ್ಲ ಎಂದು ಅವರು ನನ್ನ ಬಳಿ ಹೇಳಿದ ಮಾತು ನ್ಯಾಯವಾಗಿತ್ತು. ಡೇರಿಯ ಬೀದಿ ಮತ್ತು ಬಸ್ ನಿಲ್ದಾಣದ ದೀಪಗಳಲ್ಲಿ ಆ ಏರ್ಪಾಡನ್ನು ತೆಗೆಸಿದೆ. ಅಲ್ಲಿ ಈಗ ರಾತ್ರಿಯಿಡೀ ಪೂರ್ತಿ 20 ವ್ಯಾಟ್ ಉರಿಯುತ್ತದೆ.